ಕೂಲಿಂಗ್ ಇಲ್ಲ ಅಂದ ಕೂಡಲೇ ಗ್ಯಾಸ್ ಹಾಕಿಸಬೇಡಿ

ಕೊಡಗಿನಲ್ಲಿ ಎಸಿ ರಿಪೇರಿ ಮಾಡುತ್ತೇನೆ ಅಂದರೆ ಹೊರಗಿನವರಿಗೆ ಆಶ್ಚರ್ಯ. ಚಳಿ ಊರಲ್ಲಿ ಎಸಿ ಯಾಕೆ ಅಂತ ಕೇಳುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ಕುಶಾಲನಗರ, ಸಿದ್ದಾಪುರ, ಗೋಣಿಕೊಪ್ಪ ಕಡೆ ಬಂದು ನೋಡಬೇಕು, ಸೆಕೆ ಜೋರಾಗಿಯೇ ಇರುತ್ತದೆ. ಹೋಂಸ್ಟೇ, ಕ್ಲಿನಿಕ್, ಬ್ಯಾಂಕು, ಎಟಿಎಂ ಎಲ್ಲ ಕಡೆ ಎಸಿ ಇದೆ.

ಫೋನ್ ಮಾಡುವವರು ಹೆಚ್ಚಾಗಿ ಹೇಳುವುದು ಒಂದೇ ಮಾತು: "ಅಣ್ಣಾ, ಗ್ಯಾಸ್ ಖಾಲಿಯಾಗಿದೆ, ಬಂದು ಹಾಕಿ ಕೊಡಿ." ಎಸಿಯ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸಿನ ಹಾಗೆ ಬಳಸಿ ಮುಗಿಯುವುದಲ್ಲ. ತಾಮ್ರದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಲೀಕ್ ಹುಡುಕದೆ ತುಂಬಿಸಿದರೆ ಮುಂದಿನ ಸೀಸನ್‌ಗೆ ಮತ್ತೆ ಅದೇ ಖರ್ಚು.

ಅದಕ್ಕೇ ನಾನು ಗ್ಯಾಸಿನ ಪ್ರೆಶರ್ ಅಳೆಯುವ ಗೇಜ್ ಅನ್ನು ಕೊನೆಗೆ ತೆಗೆಯುತ್ತೇನೆ. ನಮ್ಮ ಕಡೆ ಎಸಿಯನ್ನು ಹಾಳು ಮಾಡುವುದು ಬಿಸಿಲಿಗಿಂತ ತೇವ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಗ ಎಸಿಯನ್ನು ಯಾರೂ ಮುಟ್ಟುವುದಿಲ್ಲ. ಗಾಳಿಯನ್ನು ತಣ್ಣಗೆ ಮಾಡುವ ಪೈಪಿನ ಸುರುಳಿಗೆ ಕಾಯಿಲ್ ಅನ್ನುತ್ತೇವೆ, ಅದರ ಮೇಲೆ ಕೂತ ಧೂಳಿಗೆ ತೇವ ಸೇರಿ ಬೂಷ್ಟು ಹಿಡಿಯುತ್ತದೆ. ಗಾಳಿ ಊದುವ ಒಳಗಿನ ಫ್ಯಾನ್, ಅಂದರೆ ಬ್ಲೋವರ್‌ನ ರೆಕ್ಕೆಗಳಲ್ಲಿ ಕಪ್ಪು ಪದರ ಕಟ್ಟುತ್ತದೆ. ಬೇಸಿಗೆಯಲ್ಲಿ ಸ್ವಿಚ್ ಹಾಕಿದರೆ ಮುಗ್ಗಲು ವಾಸನೆ. ಗಾಳಿ ಸರಿಯಾಗಿ ಬರುವುದಿಲ್ಲ. ಗಾಳಿ ಕಡಿಮೆಯಾದರೆ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ಐಸ್ ಕಂಡರೆ ಸಾಕು, ಗ್ಯಾಸ್ ಕಡಿಮೆ ಅಂತ ತೀರ್ಮಾನ ಆಗಿಬಿಡುತ್ತದೆ. ಗ್ಯಾಸ್ ಕಡಿಮೆಯಾದರೂ ಐಸ್ ಬರುತ್ತದೆ, ನಿಜ. ಆದರೆ ಮೊದಲು ಗಾಳಿ ಸರಿ ಮಾಡಿ ನೋಡಬೇಕು, ಅಲ್ವಾ?

ಸುಂಟಿಕೊಪ್ಪದ ಹತ್ತಿರ ಒಂದು ಹೋಂಸ್ಟೇಯಲ್ಲಿ ಹೀಗೇ ಆಯಿತು. ಹಿಂದಿನ ಬೇಸಿಗೆಯಲ್ಲಿ ಯಾರೋ ಬಂದು ಗ್ಯಾಸ್ ತುಂಬಿ ಹೋಗಿದ್ದರು. ನಾನು ಬ್ಲೋವರ್ ಮೇಲೆ ಟಾರ್ಚ್ ಬಿಟ್ಟು ತೋರಿಸಿದೆ. "ಇಷ್ಟು ಕೊಳೆ ಒಳಗಿತ್ತಾ? ಹಾಗಾದರೆ ಗ್ಯಾಸ್ ಬೇಡ್ವಾ?" ಅಂದರು ಹೋಂಸ್ಟೇಯ ಅಕ್ಕ. "ಮೊದಲು ತೊಳೆದು ನೋಡೋಣ ಅಕ್ಕಾ" ಅಂದೆ. ತೊಳೆದ ಮೇಲೆ ರೂಮು ಚೆನ್ನಾಗಿಯೇ ತಣ್ಣಗಾಯಿತು.

ತೊಳೆಯುವಾಗ ಎಂಸಿಬಿ (ಎಸಿ ಲೈನಿನ ಟ್ರಿಪ್ ಸ್ವಿಚ್) ಆಫ್ ಮಾಡಿ, ಎಸಿಯ ಎಲೆಕ್ಟ್ರಾನಿಕ್ ಬೋರ್ಡಿಗೆ ಪ್ಲಾಸ್ಟಿಕ್ ಸುತ್ತುತ್ತೇನೆ. ಪಂಪಿನ ಪ್ರೆಶರ್ ಕಡಿಮೆ ಇಡುತ್ತೇನೆ, ಇಲ್ಲದಿದ್ದರೆ ಕಾಯಿಲ್‌ನ ಅಲ್ಯೂಮಿನಿಯಂ ಫಿನ್‌ಗಳು, ಅಂದರೆ ತೆಳು ತಗಡುಗಳು, ಬಾಗುತ್ತವೆ. ಆಸಿಡ್ ಹಾಕುವುದಿಲ್ಲ. ಬೇಗ ಹೊಳಪು ಬರುತ್ತದೆ, ಆದರೆ ಫಿನ್ ತಿಂದು ಹಾಕುತ್ತದೆ. ಕೊನೆಗೆ ಫ್ಯಾನ್ ಮೋಡಿನಲ್ಲಿ ಅರ್ಧ ಗಂಟೆ ಓಡಿಸಿ ಒಣಗಿಸುತ್ತೇನೆ.

ಗೋಡೆ ಮೇಲೆ ನೀರು ಸೋರುವುದು ಇನ್ನೊಂದು ದೊಡ್ಡ ದೂರು. ಡ್ರೈನ್ ಪೈಪಿನೊಳಗೆ ಲೋಳೆ ಕಟ್ಟಿರುತ್ತದೆ, ಅಥವಾ ಅದರ ಹೊರಬಾಯಿಗೆ ಕುಂಬಾರ ಹುಳ ಮಣ್ಣು ಮೆತ್ತಿರುತ್ತದೆ. ಪೈಪನ್ನು ಊದಿ, ಟ್ರೇಗೆ ಒಂದು ಮಗ್ ನೀರು ಹೊಯ್ದು, ಅದು ಹೊರಗೆ ಬೀಳುವುದನ್ನು ಕಣ್ಣಾರೆ ನೋಡದೆ ನಾನು ಕವರ್ ಮುಚ್ಚುವುದಿಲ್ಲ. ಹೊರಗಿನ ಯೂನಿಟ್‌ನಲ್ಲಿ ಒಣ ಎಲೆ, ಜೇಡರ ಬಲೆ ಇರುತ್ತದೆ. ಕೆಲವೊಮ್ಮೆ ಬೋರ್ಡಿನ ಮೇಲೆ ಸತ್ತ ಹಲ್ಲಿ.

ಆಮೇಲೆ ಕರೆಂಟ್. ಕಾಫಿ ಹೂವಿಗೆ ತೋಟದಲ್ಲಿ ಸ್ಪ್ರಿಂಕ್ಲರ್ ಮೋಟಾರುಗಳು ಓಡುವ ಹೊತ್ತಿಗೆ ಕೆಲವು ಲೈನುಗಳಲ್ಲಿ ವೋಲ್ಟೇಜ್ ಇಳಿಯುತ್ತದೆ. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಏಳಲಾಗದೆ ಗುಂಯ್ ಅಂದು ಟ್ರಿಪ್ ಆಗುತ್ತದೆ. ಹಳೇ ಮಾದರಿಯ ಎಸಿ ಆದರೆ ಮೊದಲು ಕಂಪ್ರೆಸರ್ ಏಳಲು ನೆರವಾಗುವ ಕೆಪಾಸಿಟರ್ ಅಳೆಯುತ್ತೇನೆ. 50 ಮೈಕ್ರೋಫ್ಯಾರಡ್ ಅಂತ ಬರೆದದ್ದು 35 ತೋರಿಸಿದರೆ ಬದಲಿಸಬೇಕು. ಆಫ್ ಮಾಡಿದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ, ಡಿಸ್ಚಾರ್ಜ್ ಮಾಡದೆ ಕೈ ಹಾಕಬಾರದು. ಕಂಪ್ರೆಸರ್ ವೇಗವನ್ನು ಬೇಕಾದ ಹಾಗೆ ಬದಲಿಸುವ ಇನ್ವರ್ಟರ್ ಎಸಿಯ ಬೋರ್ಡಿನಲ್ಲಂತೂ 300 ವೋಲ್ಟಿಗಿಂತ ಜಾಸ್ತಿ ಡಿಸಿ ಇರುತ್ತದೆ. ಮನೆಯವರು ಅದನ್ನು ಬಿಚ್ಚಲೇಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾಗುವ ಮುಂಚೆಯೇ ಎಂಸಿಬಿ ಇಳಿಸಿಬಿಡಿ.

ಇಷ್ಟೆಲ್ಲ ಸರಿ ಇದ್ದೂ ಕೂಲಿಂಗ್ ಬಾರದಿದ್ದರೆ ಆಗ ಗೇಜ್. ಪೈಪಿನ ಜಾಯಿಂಟ್ ಬಿಗಿಯುವ ಫ್ಲೇರ್ ನಟ್ ಹತ್ತಿರ ಎಣ್ಣೆ ಜಿಡ್ಡು ಕಂಡರೆ ಲೀಕ್ ಅಲ್ಲೇ ಇರುವ ಸಂಭವ ಜಾಸ್ತಿ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಸರಿ ಮಾಡಿ, ನೈಟ್ರೋಜನ್ ತುಂಬಿ ಪ್ರೆಶರ್ ನಿಲ್ಲುತ್ತದಾ ನೋಡಿ, ಆಮೇಲೆ ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆಯುವುದು. ಕೊಡಗಿನಲ್ಲಿ ಈ ವ್ಯಾಕ್ಯೂಮ್ ಬಿಡಲೇಬಾರದು. ನಮ್ಮ ಗಾಳಿಯಲ್ಲಿ ತೇವ ಜಾಸ್ತಿ, ಹೊಸ ಗ್ಯಾಸಿನ ಕಂಪ್ರೆಸರ್ ಎಣ್ಣೆ ಆ ತೇವವನ್ನು ಬೇಗ ಹೀರಿಕೊಳ್ಳುತ್ತದೆ. ಒಳಗೆ ನೀರು ಉಳಿದರೆ ಆಸಿಡ್ ಆಗಿ ಕಂಪ್ರೆಸರನ್ನೇ ತಿನ್ನುತ್ತದೆ. ನಾನು ವ್ಯಾಕ್ಯೂಮ್ ಮೀಟರಿನಲ್ಲಿ 500 ಮೈಕ್ರಾನ್‌ವರೆಗೆ ಇಳಿಸಿ, ಪಂಪ್ ನಿಲ್ಲಿಸಿ, ರೀಡಿಂಗ್ ಏರುತ್ತದಾ ಕಾದು ನೋಡುತ್ತೇನೆ. ಜೋರು ಮಳೆಯ ದಿನ ಪೈಪ್ ಬಿಚ್ಚುವುದಿಲ್ಲ, ಎಷ್ಟೇ ಅವಸರ ಮಾಡಿದರೂ.

ಗ್ಯಾಸನ್ನು ಯೂನಿಟ್ ಮೇಲಿನ ಪ್ಲೇಟಿನಲ್ಲಿ ಬರೆದಷ್ಟೇ ತೂಕ ಮಾಡಿ ಹಾಕಬೇಕು. ಈಗಿನ ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗ್ಯಾಸ್. ಪೈಪಿನಲ್ಲಿ ಅದು ಇರುವಾಗ ಬೆಸುಗೆಯ ಬೆಂಕಿ ಹತ್ತಿರ ತರಬಾರದು.

ಹೋಂಸ್ಟೇಯವರಿಗೆ ನಾನು ಹೇಳುವುದು, ಮಳೆಗಾಲದಲ್ಲೂ ವಾರಕ್ಕೊಮ್ಮೆ ಅರ್ಧ ಗಂಟೆ ಎಸಿ ಓಡಿಸಿ, ಕೊನೆಗೆ ಸ್ವಲ್ಪ ಹೊತ್ತು ಬರೀ ಫ್ಯಾನ್. ದೊಡ್ಡ ಸರ್ವಿಸ್ ಅಕ್ಟೋಬರ್‌ನಲ್ಲಿ ಮಾಡಿಸಿ. ಮಾರ್ಚ್‌ವರೆಗೆ ಕಾದರೆ ಬೂಷ್ಟು ಗಟ್ಟಿಯಾಗಿರುತ್ತದೆ, ನಮ್ಮಂಥವರೂ ಸಿಗುವುದಿಲ್ಲ. ಗ್ಯಾಸ್ ಹಾಕಿದ ದಿನ ತಾರೀಖು, ಎಷ್ಟು ಗ್ರಾಂ, ಲೀಕ್ ಎಲ್ಲಿತ್ತು ಅಂತ ಒಂದು ಚೀಟಿ ಬರೆದು ಹೊರಗಿನ ಯೂನಿಟ್‌ನ ಕವರ್ ಒಳಗೆ ಅಂಟಿಸುತ್ತೇನೆ. ಮುಂದೆ ಯಾರೇ ಬಿಚ್ಚಿದರೂ ಮೊದಲು ಅದನ್ನು ಓದಲಿ.