ಅಪ್ಪ ಅಮ್ಮನ ಗ್ರೀನ್ ಕಾರ್ಡ್ ಮತ್ತು ಆ 60 ದಿನ

ಅಪ್ಪ ಅಮ್ಮ ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಮೇಲೆ ಇಲ್ಲಿಗೆ ಬಂದ ತಕ್ಷಣ ನಮ್ಮವರು ಕೇಳುವುದು ಒಂದೇ: "ಇನ್ನು ಮೆಡಿಕೇಡ್ ಸಿಗುತ್ತೆ ಅಲ್ವಾ?" ಮೆಡಿಕೇಡ್ ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ. ಹೆಚ್ಚಿನ ರಾಜ್ಯಗಳಲ್ಲಿ ಅದು ತಕ್ಷಣ ಸಿಗಲ್ಲ. 1996ರ ಕಾನೂನಿನ ಪ್ರಕಾರ ಐದು ವರ್ಷ ಕಾಯಬೇಕು. ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್‌ಗೂ ಅಷ್ಟೇ. ಇಲ್ಲಿ ದುಡಿದಿರದವರು 65 ದಾಟಿದ್ದರೂ ಐದು ವರ್ಷ ನೆಲೆಸಿದ ಮೇಲೆಯೇ, ಅದೂ ತಿಂಗಳು ತಿಂಗಳು ದುಡ್ಡು ಕಟ್ಟಿ ತಗೊಳ್ಳಬೇಕು. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಮಾತ್ರ ಆದಾಯ ಕಡಿಮೆ ಇದ್ದವರಿಗೆ ರಾಜ್ಯದ ಖರ್ಚಿನಲ್ಲಿ ಐದು ವರ್ಷಕ್ಕೆ ಮೊದಲೇ ಮೆಡಿಕೇಡ್ ಕೊಡುತ್ತವೆ. ನನ್ನ ಪ್ರಕಾರ ಅದೇ ಸರಿಯಾದ ಪದ್ಧತಿ. ಮಕ್ಕಳು ಕಟ್ಟುವ ತೆರಿಗೆಯಲ್ಲಿ ಅವರ ಹೆತ್ತವರಿಗೆ ಪಾಲಿಲ್ಲ ಅನ್ನುವುದು ಅನ್ಯಾಯ.

ಉಳಿದ ಕಡೆ ಮುಖ್ಯ ದಾರಿ ಮಾರ್ಕೆಟ್‌ಪ್ಲೇಸ್ ಪ್ಲಾನ್, ಅಂದರೆ ಸರ್ಕಾರದ ವೆಬ್‌ಸೈಟ್ ಮೂಲಕ ಕೊಳ್ಳುವ ಖಾಸಗಿ ಆರೋಗ್ಯ ವಿಮೆ. ನಮ್ಮವರು ಎಡವುವುದು ಇಲ್ಲೇ. ಹೊರದೇಶದಿಂದ ಬಂದು ನೆಲೆಸಿದ ದಿನದಿಂದ ಪ್ಲಾನ್ ಆರಿಸಲು 60 ದಿನ ಮಾತ್ರ ಇರುತ್ತದೆ. ಆದರೆ ಎಲ್ಲರೂ "ಕಾರ್ಡ್ ಅಂಚೆಯಲ್ಲಿ ಬರಲಿ, ಸೋಶಿಯಲ್ ಸೆಕ್ಯುರಿಟಿ ನಂಬರ್ (ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಬರಲಿ" ಅಂತ ಕಾಯುತ್ತಾ ಕೂರುತ್ತಾರೆ. ಕಾಯಬೇಡಿ! ಪಾಸ್‌ಪೋರ್ಟ್‌ನಲ್ಲಿರುವ ಇಮಿಗ್ರಂಟ್ ವೀಸಾ ಪುಟ, ಅದರ ಮೇಲೆ ಏರ್‌ಪೋರ್ಟ್‌ನಲ್ಲಿ ಒತ್ತಿದ ಮುದ್ರೆ, ಇವೆರಡೇ ಒಂದು ವರ್ಷದವರೆಗೆ ಗ್ರೀನ್ ಕಾರ್ಡ್‌ಗೆ ಸಮ. ಆ ಪುಟದ ಫೋಟೋ ಹಚ್ಚಿ ಮೊದಲ ವಾರದಲ್ಲೇ ಅರ್ಜಿ ಹಾಕಿ. ನಂಬರ್ ಆಮೇಲೆ ಸೇರಿಸಬಹುದು.

ಡಲ್ಲಾಸ್‌ನ ನಮ್ಮ ಪರಿಚಯದವರೊಬ್ಬರು ಕಾರ್ಡ್‌ಗಾಗಿ ಕಾದರು. ಅಲ್ಲಿಯವರೆಗೆ ಇರಲಿ ಅಂತ ತಾಯಿಗೆ ವಿಸಿಟರ್ ಇನ್ಶೂರೆನ್ಸ್ (ಪ್ರವಾಸಿಗರ ತಾತ್ಕಾಲಿಕ ವಿಮೆ) ಮಾಡಿಸಿದ್ದರು. ಶುಗರ್ ಏರುಪೇರಾಗಿ ತಾಯಿ ಆಸ್ಪತ್ರೆ ಸೇರಿದಾಗ ಕಂಪನಿಯವರು "ಇದು ಮೊದಲೇ ಇದ್ದ ಕಾಯಿಲೆ" ಅಂತ ಕೈತೊಳೆದುಕೊಂಡರು. ಅಷ್ಟರಲ್ಲಿ 60 ದಿನವೂ ಮುಗಿದಿತ್ತು. ಮುಂದಿನ ಅವಕಾಶ ನವೆಂಬರ್ 1ಕ್ಕೆ, ಪ್ಲಾನ್ ಶುರುವಾಗುವುದು ಜನವರಿಗೆ. ಬಿಲ್ ಪೂರ್ತಿ ಅವರ ಮೇಲೆಯೇ ಬಿತ್ತು. ಮಾರ್ಕೆಟ್‌ಪ್ಲೇಸ್ ಪ್ಲಾನ್ ಆಗಿದ್ದರೆ ಹಳೇ ಕಾಯಿಲೆ ಅಂತ ತಳ್ಳಿಹಾಕುವಂತೆಯೇ ಇಲ್ಲ.

ಪ್ಲಾನ್‌ನ ಕಂತು ಕಟ್ಟಲು ಸರ್ಕಾರ ಕೊಡುವ ನೆರವಿನ ನಿಯಮ 2026ರಿಂದ ಬಿಗಿಯಾಗಿದೆ. ಅಪ್ಪ ಅಮ್ಮ ನಿಮ್ಮ ಟ್ಯಾಕ್ಸ್‌ನಲ್ಲಿ ಡಿಪೆಂಡೆಂಟ್ (ಅವಲಂಬಿತರು) ಆಗಿದ್ದರೆ ನಿಮ್ಮ ಸಂಬಳವೂ ಲೆಕ್ಕಕ್ಕೆ ಬರುತ್ತದೆ. ಸಾಫ್ಟ್‌ವೇರ್ ಸಂಬಳಕ್ಕೆ ಸರ್ಕಾರದ ನೆರವು ಸಿಗುವುದು ಕಷ್ಟ. ಅವರೇ ಬೇರೆ ಟ್ಯಾಕ್ಸ್ ಫೈಲ್ ಮಾಡಿದರೆ, ನೆರವು ಸಿಗಲು ಇಬ್ಬರ ವರ್ಷದ ಆದಾಯ ಬಡತನ ರೇಖೆಗಿಂತ ಕೆಳಗಿರಬಾರದು. 2026ರ ಪ್ಲಾನ್‌ಗೆ ಅದು 21,150 ಡಾಲರ್. ಮೊದಲು ರೇಖೆಯ ಕೆಳಗಿದ್ದ ವಲಸಿಗರಿಗೂ ನೆರವು ಸಿಗುತ್ತಿತ್ತು, 2025ರ ಕಾನೂನು ಅದನ್ನು ತೆಗೆದುಹಾಕಿತು. ಬಡವರಿಗೇ ನೆರವಿಲ್ಲ ಅಂದರೆ ಏನು ಹೇಳೋದು! ಹಾಗಾಗಿ ಊರಿನ ಪಿಂಚಣಿ, ಮನೆ ಬಾಡಿಗೆ, ಎಫ್‌ಡಿ ಬಡ್ಡಿ ಎಲ್ಲ ಸೇರಿಸಿ ಅರ್ಜಿಯಲ್ಲಿ ಸರಿಯಾಗಿ ಬರೆಯಿರಿ. ಇದನ್ನೆಲ್ಲ ಇಲ್ಲಿನ ಟ್ಯಾಕ್ಸ್‌ನಲ್ಲೂ ತೋರಿಸಲೇಬೇಕು. ಎಷ್ಟೋ ಜನ "ಅದು ಇಂಡಿಯಾದ್ದು" ಅಂತ ಸುಮ್ನೆ ಬಿಟ್ಟುಬಿಡುತ್ತಾರೆ.

ಬಸವನಗುಡಿಯಲ್ಲಿ ಫೀಸ್ ಕೊಟ್ಟು ನೇರವಾಗಿ ಡಾಕ್ಟರ್ ಹತ್ತಿರ ಹೋಗುವ ಸುಖ ಇಲ್ಲಿಲ್ಲ. ಆದರೆ ಇಲ್ಲಿ ಎಮರ್ಜೆನ್ಸಿಗೆ ಹೋದರೆ "ಮೊದಲು ಅಡ್ವಾನ್ಸ್ ಕಟ್ಟಿ" ಅನ್ನುವಂತಿಲ್ಲ. 1986ರ ಕಾನೂನು ಅದು, ಇದರಲ್ಲಿ ಅಮೆರಿಕವೇ ಮೇಲು. ಬಿಲ್ ಬಂದರೆ ಕ್ರೆಡಿಟ್ ಕಾರ್ಡ್ ತೆಗೆಯುವ ಮೊದಲು ಆಸ್ಪತ್ರೆಯ ಫೈನಾನ್ಶಿಯಲ್ ಅಸಿಸ್ಟೆನ್ಸ್ (ಬಿಲ್ ಕಡಿಮೆ ಮಾಡಿಸುವ ನೆರವು) ಅರ್ಜಿ ಕೇಳಿ. ಲಾಭರಹಿತ ಆಸ್ಪತ್ರೆಗಳು ಮೊದಲ ಬಿಲ್ ಕಳಿಸಿದ ದಿನದಿಂದ 240 ದಿನದವರೆಗೆ ಅದನ್ನು ತೆಗೆದುಕೊಳ್ಳಲೇಬೇಕು.