ಮನೆ ಸರ್ವರ್‌ಗೆ ನಾನು ಡೆಬಿಯನ್ ಹಾಕಿದ ಬಗೆ

ಫೋಟೊ ಬ್ಯಾಕಪ್, ಸಾಂಬಾ (ಮನೆಯ ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಸಾಫ್ಟ್‌ವೇರ್), ಜೆಲ್ಲಿಫಿನ್ (ಸಿನಿಮಾ, ಹಾಡುಗಳ ಮೀಡಿಯಾ ಸರ್ವರ್) ನಡೆಸುವ ಮಶೀನನ್ನು ತಿಂಗಳುಗಟ್ಟಲೆ ಯಾರೂ ಮುಟ್ಟುವುದಿಲ್ಲ. ಹಾಗಾಗಿ ಓಎಸ್ ಆರಿಸುವಾಗ ನಾನು ನೋಡಿದ್ದು ಎರಡೇ: ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ, ಅದನ್ನು ಹಾಕಿದಾಗ ಬೇರೇನಾದರೂ ಬದಲಾಗುತ್ತದೆಯೇ.

ಲಿನಕ್ಸ್ ಓಎಸ್‌ಗಳಲ್ಲಿ ಫೆಡೋರಾದ ಒಂದು ಆವೃತ್ತಿಗೆ ಸುಮಾರು 13 ತಿಂಗಳಷ್ಟೇ ಆಯಸ್ಸು. ಅದನ್ನು ಅಲ್ಲಿಗೇ ಬಿಟ್ಟೆ. ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಬೆಂಬಲ ಎಂದಿದ್ದದ್ದು 2021ರ ಕೊನೆಗೇ ನಿಂತಿತು. ಉಬುಂಟು ಎಲ್‌ಟಿಎಸ್ (ದೀರ್ಘಕಾಲದ ಬೆಂಬಲ ಇರುವ ಆವೃತ್ತಿ) ಒಳ್ಳೆಯದೇ, ಆದರೆ ಅದರ ಸ್ನ್ಯಾಪ್ ಎಂಬ ಬಗೆಯ ಪ್ಯಾಕೇಜುಗಳು ತಾವಾಗಿಯೇ ಹೊಸ ಆವೃತ್ತಿಗೆ ಹೋಗುವುದು ನನಗೆ ಬೇಡವಾಗಿತ್ತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ ಮೂರು ವರ್ಷ ಪೂರ್ಣ ಬೆಂಬಲ, ಅದರ ಮೇಲೆ ಎರಡು ವರ್ಷ ಎಲ್‌ಟಿಎಸ್. ಪ್ಯಾಕೇಜಿನಲ್ಲಿ ದೋಷ ಸಿಕ್ಕರೆ ಸಾಮಾನ್ಯವಾಗಿ ಇರುವ ಆವೃತ್ತಿಗೇ ಪ್ಯಾಚ್ ಹಾಕುತ್ತಾರೆ: ಆವೃತ್ತಿ ಸಂಖ್ಯೆಯ ಕೊನೆಯ ‘ಡೆಬ್13ಯು1’ ಹೋಗಿ ‘ಡೆಬ್13ಯು2’ ಆಗುತ್ತದೆ, ಅಷ್ಟೇ. ಹೊಸತೇ ಬೇಕಾದ ಜೆಲ್ಲಿಫಿನ್‌ನಂಥವನ್ನು ಡಾಕರ್‌ನಲ್ಲಿ, ಅಂದರೆ ಉಳಿದ ಸಿಸ್ಟಮ್‌ನಿಂದ ಬೇರೆಯಾಗಿ ಓಡುವ ಕಂಟೇನರ್‌ಗಳಲ್ಲಿ, ಇಟ್ಟಿದ್ದೇನೆ. ಯಾವ ಆವೃತ್ತಿ ಬೇಕೆಂದು ಹೇಳುವ ಟ್ಯಾಗ್ ಯಾವಾಗಲೂ ಆವೃತ್ತಿ ಸಂಖ್ಯೆ, ‘ಲೇಟೆಸ್ಟ್’ ಅಲ್ಲ.

ನೆಟ್‌ಇನ್‌ಸ್ಟ್ ಇಮೇಜ್‌ನಿಂದ (ಉಳಿದದ್ದನ್ನು ನೆಟ್‌ನಿಂದ ಇಳಿಸಿಕೊಳ್ಳುವ ಚಿಕ್ಕ ಇನ್‌ಸ್ಟಾಲರ್) ಹಾಕುವಾಗ ಡೆಸ್ಕ್‌ಟಾಪ್ ಟಿಕ್ ತೆಗೆದು ಎಸ್‌ಎಸ್‌ಎಚ್ ಸರ್ವರ್ (ದೂರದಿಂದ ಲಾಗಿನ್ ಆಗಲು) ಮತ್ತು ಸ್ಟ್ಯಾಂಡರ್ಡ್ ಯುಟಿಲಿಟಿಗಳನ್ನು ಮಾತ್ರ ಉಳಿಸಿಕೊಂಡೆ. ಎಸ್‌ಎಸ್‌ಡಿಯಲ್ಲಿ ರೂಟ್‌ಗೆ (ಓಎಸ್ ಇರುವ ಭಾಗಕ್ಕೆ) 40 ಜಿಬಿ ಎಕ್ಸ್‌ಟಿ4 ಫೈಲ್‌ಸಿಸ್ಟಮ್, ಡೇಟಾಗೆ ಬೇರೆ ಡಿಸ್ಕ್. ರೂಟ್ ಖಾತೆಯ (ಎಲ್ಲ ಅಧಿಕಾರ ಇರುವ ಅಡ್ಮಿನ್) ಪಾಸ್‌ವರ್ಡ್ ಖಾಲಿ ಬಿಟ್ಟರೆ ಸುಡೊ (ಸಾಮಾನ್ಯ ಖಾತೆಯಿಂದಲೇ ಅಡ್ಮಿನ್ ಕೆಲಸ ಮಾಡಿಸುವ ಕಮಾಂಡ್) ತಾನೇ ಸಿದ್ಧವಾಗುತ್ತದೆ ನಿಜ, ಆದರೂ ನಾನು ಪಾಸ್‌ವರ್ಡ್ ಕೊಟ್ಟೆ, ಸುಡೊವನ್ನು ಆಮೇಲೆ ಹಾಕಿಕೊಂಡೆ. ಕಾರಣ ಇದು: ಎಫ್‌ಎಸ್‌ಟ್ಯಾಬ್‌ನಲ್ಲಿರುವ (ಬೂಟ್ ಆಗುವಾಗ ಮೌಂಟ್ ಮಾಡಬೇಕಾದ, ಅಂದರೆ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ) ಡಿಸ್ಕ್ ಬೂಟ್ ಆಗುವಾಗ ಕಾಣಿಸದಿದ್ದರೆ ಬೂಟ್ ನಡೆಸುವ ಸಿಸ್ಟಮ್‌ಡಿ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗುತ್ತದೆ. ಆಗ ರೂಟ್ ಖಾತೆ ಲಾಕ್ ಆಗಿದ್ದರೆ ಮಾನಿಟರ್, ಕೀಬೋರ್ಡ್ ತಂದು ಜೋಡಿಸಿದರೂ ಒಳಗೆ ಹೋಗಲಾಗದು.

ಅದಕ್ಕೇ ಎಫ್‌ಎಸ್‌ಟ್ಯಾಬ್‌ನ ಡೇಟಾ ಡಿಸ್ಕಿನ ಸಾಲಿನಲ್ಲಿ ಯುಯುಐಡಿ (ಆ ಡಿಸ್ಕಿನದೇ ಆದ ಗುರುತಿನ ಸಂಖ್ಯೆ) ಬರೆದು ‘ನೋಫೇಲ್’ (ಡಿಸ್ಕ್ ಸಿಗದಿದ್ದರೂ ಬೂಟ್ ಮುಂದುವರಿಸು) ಸೇರಿಸಬೇಕು. ಇದರಿಂದ ಇನ್ನೊಂದು ತೊಂದರೆ ಹುಟ್ಟುತ್ತದೆ. ಡಿಸ್ಕ್ ಇಲ್ಲದೆಯೇ ಬೂಟ್ ಆದಾಗ ಕಂಟೇನರ್‌ಗಳು ಖಾಲಿ ಮೌಂಟ್ ಫೋಲ್ಡರಿಗೇ ಬರೆಯತೊಡಗಿ, ರೂಟ್‌ನ 40 ಜಿಬಿ ತುಂಬಿಸಿಬಿಡುತ್ತವೆ. ಡಿಸ್ಕ್ ಮೌಂಟ್ ಮಾಡುವ ಮೊದಲು ಆ ಖಾಲಿ ಫೋಲ್ಡರಿಗೆ ‘ಚಾಟ್ಟರ್ ಪ್ಲಸ್ ಐ’ (ಬದಲಿಸಲಾಗದಂತೆ ಬೀಗ ಹಾಕುವ ಕಮಾಂಡ್) ಹಾಕಿದರೆ ರೂಟ್ ಖಾತೆ ಕೂಡ ಅದರಲ್ಲಿ ಬರೆಯಲಾರದು. ಕಂಟೇನರ್ ಎರರ್ ಕೊಡುತ್ತದೆ, ನಮಗೆ ಬೇಕಿರುವುದೂ ಅದೇ.

ಅಪ್‌ಡೇಟ್‌ಗೆ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ (ಅಪ್‌ಡೇಟ್‌ಗಳನ್ನು ತಾನಾಗಿಯೇ ಹಾಕುವ ಪ್ಯಾಕೇಜ್) ಸಾಕು. ಆದರೆ ಅದರಲ್ಲಿ ಆಟೊಮ್ಯಾಟಿಕ್ ರೀಬೂಟ್ ಮೊದಲಿಗೆ ಆಫ್ ಇರುತ್ತದೆ. ಹಾಗೇ ಬಿಟ್ಟರೆ ಹೊಸ ಕರ್ನಲ್ (ಓಎಸ್‌ನ ತಿರುಳು) ಡಿಸ್ಕ್ ಮೇಲಿರುತ್ತದೆ, ಓಡುವುದು ಹಳೆಯದೇ. ಆನ್ ಮಾಡಿ ಬೆಳಗಿನ ಜಾವ 4 ಗಂಟೆ ಕೊಟ್ಟಿದ್ದೇನೆ. ಕರೆಂಟ್ ಹೋಗಿ ಬಂದಾಗ ತಾನೇ ಏಳುವಂತೆ ಬಯೋಸ್‌ನಲ್ಲಿ ಎಸಿ ಪವರ್ ಲಾಸ್ ಸೆಟ್ಟಿಂಗನ್ನು ‘ಪವರ್ ಆನ್’ ಮಾಡಿಡಿ.

ಡೆಬಿಯನ್ ಆವೃತ್ತಿ ಏರಿಸುವಾಗ ನಡುವಿನದನ್ನು ಹಾರಿಸುವಂತಿಲ್ಲ. 11ರಿಂದ 12, ಅಲ್ಲಿಂದ 13. ಮೊದಲು ಹೊರಗಿನ ರೆಪೊಗಳನ್ನು (ಡೆಬಿಯನ್‌ನದಲ್ಲದ ಪ್ಯಾಕೇಜ್ ಮೂಲಗಳು) ಆಫ್ ಮಾಡಿಕೊಳ್ಳಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಕಂಟೇನರ್‌ನಲ್ಲಲ್ಲದೆ ನೇರವಾಗಿ ಡೆಬಿಯನ್ ಮೇಲಿದ್ದರೆ ಎಚ್ಚರ: ಡೆಬಿಯನ್ 12ರಲ್ಲಿದ್ದ ಪೋಸ್ಟ್‌ಗ್ರೆಸ್ 15ರ ಪಕ್ಕದಲ್ಲಿ 17 ಬಂದು ಕೂರುತ್ತದೆ, ಡೇಟಾ 15ರಲ್ಲೇ ಉಳಿದಿರುತ್ತದೆ. ಡಂಪ್ (ಡೇಟಾದ ಪ್ರತಿ) ತೆಗೆದಿಟ್ಟುಕೊಂಡು, 17ರ ಖಾಲಿ ಕ್ಲಸ್ಟರನ್ನು (ಡೇಟಾ ಇಡುವ ಜಾಗ) ‘ಪಿಜಿ_ಡ್ರಾಪ್‌ಕ್ಲಸ್ಟರ್’ನಿಂದ ತೆಗೆದು, 15ರ ಮೇಲೆ ‘ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್’ ಓಡಿಸಬೇಕು. ಡೇಟಾ ಎಲ್ಲ 17ಕ್ಕೆ ಬಂದದ್ದನ್ನು ನೋಡಿಕೊಂಡ ಮೇಲಷ್ಟೇ 15ನ್ನು ಅಳಿಸಿ.