ಸಾರಾಗಬೇಕಿದ್ದ ಕೆಂಪಿ ಮತ್ತೆ ಮೊಟ್ಟೆಗೆ ಬಂದಿದ್ದು

ಗೌರಿ ಹಬ್ಬದ ಮಾರನೇ ದಿನದಿಂದ ನಮ್ಮ ಹೇಂಟೆ ಕೆಂಪಿ ಮೊಟ್ಟೆ ಇಡುವ ಬುಟ್ಟಿ ಖಾಲಿ. ಮೊದಲ ಎರಡು ದಿನ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಐದನೇ ದಿನ ಅವ್ವನೇ ಶುರು ಮಾಡಿದಳು: "ಹಾಕಿದ ಕಾಳು ದಂಡ. ಪಿತೃಪಕ್ಷದ ಎಡೆಗಾಯ್ತು ಬಿಡು." ಹಬ್ಬಕ್ಕೆ ಬಂದು ಇನ್ನೂ ಊರಿಗೆ ಹೊರಡದಿದ್ದ ಭಾವ ಅದಕ್ಕೆ ಒಗ್ಗರಣೆ ಹಾಕಿದರು. "ವಯಸ್ಸಾಯ್ತು ಕಣಯ್ಯ ಅದಕ್ಕೆ. ಮುದ್ದೆ ಜೊತೆ ಚೆನ್ನಾಗಿರ್ತದೆ."

ವಯಸ್ಸು ಎಲ್ಲಿ ಬಂತು? ಮರಿ ತಂದು ಒಂದೂಮುಕ್ಕಾಲು ವರ್ಷ ಆಗಿತ್ತು, ಅಷ್ಟೇ. ಕೆಂಪಿ ಸ್ವರ್ಣಧಾರ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ತಳಿ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 180ರ ಆಸುಪಾಸು ಮೊಟ್ಟೆ ಇಡುತ್ತದೆ ಅನ್ನುತ್ತಾರೆ. ನಮ್ಮ ಹಿತ್ತಲಲ್ಲಿ ಅಷ್ಟು ಬರಲಿಲ್ಲ, ಆದರೂ 150 ದಾಟಿಸಿದ್ದಳು. ನನ್ನ ಹತ್ತಿರ ಒಟ್ಟು ಒಂಬತ್ತು ಹೇಂಟೆ, ಒಂದು ಹುಂಜ. ಮೂರು ಸ್ವರ್ಣಧಾರ, ಮಿಕ್ಕಿದ್ದು ನಾಟಿ. ನಾಟಿಯವು ಹದಿನೈದು ಇಟ್ಟು ಕಾವಿಗೆ ಕೂರುವ ಜಾತಿ, ಅವುಗಳ ಲೆಕ್ಕವೇ ಬೇರೆ. ಮನೆಯ ಮೊಟ್ಟೆ ನಡೆಯುತ್ತಿದ್ದದ್ದೇ ಕೆಂಪಿಯಿಂದ.

ಅಮಾವಾಸ್ಯೆವರೆಗೆ ಟೈಮ್ ಕೊಡಿ ಅಂದೆ. ಮೂರು ವಾರ ಸಿಕ್ಕಿತು.

ಮೊದಲ ವಾರ ನಾನು ಮಾಡಿದ್ದೆಲ್ಲ ದಡ್ಡತನ. ಮೊದಲನೆಯದು ಟಾನಿಕ್. ಔಷಧಿ ಅಂಗಡಿಯವನು ಕೋಳಿ ಮುಖ ನೋಡದೆ ಲಿವರ್ ಟಾನಿಕ್ ಒಂದು, ವಿಟಮಿನ್ ಒಂದು ಕಟ್ಟಿಕೊಟ್ಟ. 380 ರೂಪಾಯಿ ಚಿಲ್ಲರೆ. ಕೆಂಪಿ ಕುಡಿದಳು, ಮೊಟ್ಟೆ ಇಲ್ಲ. ಆಮೇಲೆ ಜಂತುಹುಳು ಇರಬೇಕು ಅಂತ ಎಲ್ಲಕ್ಕೂ ಔಷಧಿ ಹಾಕಿದೆ. ಔಷಧಿ ಹಾಕಿದ ಮೇಲೆ ಮೊಟ್ಟೆ ತಿನ್ನುವ ಹಾಗಿಲ್ಲ ಅಲ್ವಾ, ಇಡುತ್ತಿದ್ದ ಕೋಳಿಗಳ ಮೊಟ್ಟೆಯೂ ಒಂದು ವಾರ ತಿಪ್ಪೆಗೆ ಹೋಯಿತು. ಹದಿನೆಂಟೋ ಇಪ್ಪತ್ತೋ ಮೊಟ್ಟೆ. ನಮ್ಮ ಕಡೆ ಆಗ ಊರ ಮೊಟ್ಟೆ ಹನ್ನೆರಡು ರೂಪಾಯಿ, ಲೆಕ್ಕ ನೀವೇ ಹಾಕಿ. ಹುಳು ಒಂದೂ ಕಾಣಲಿಲ್ಲ.

ಮೂರನೆಯದಕ್ಕೆ ನನಗೆ ಈಗಲೂ ನಾಚಿಕೆ ಆಗುತ್ತದೆ. ಮಧ್ಯಾಹ್ನ ಒಂದು ಹೊತ್ತು ಬುಟ್ಟಿಯಲ್ಲಿ ಕೂತಿದ್ದಳು ಅಂತ ಕಾವಿಗೆ ಬಂದಿದ್ದಾಳೆ ಅಂದುಕೊಂಡೆ. ಕಾವು ಬಿಡಿಸಲು ಕೆಳಗೆ ಗಾಳಿಯಾಡುವ ಜಾಲರಿ ಗೂಡಿನಲ್ಲಿ ನಾಲ್ಕು ದಿನ ಕೂಡಿಹಾಕಿದೆ. ಕಾವಿನ ಕೋಳಿ ಕೈ ಹತ್ತಿರ ತಂದರೆ ಉಬ್ಬಿಕೊಂಡು ಕುಟುಕುತ್ತದೆ, ಎದೆಯ ಗರಿ ಕಿತ್ತುಕೊಂಡಿರುತ್ತದೆ, ಹಿಕ್ಕೆ ದಪ್ಪಗೆ ಒಂದೇ ಗುಡ್ಡೆ ಹಾಕುತ್ತದೆ. ಇವಳಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಇಷ್ಟು ವರ್ಷ ಕೋಳಿ ಸಾಕಿ ಅದನ್ನು ನೋಡಲಿಲ್ಲ ನಾನು. ಅಂದಹಾಗೆ ನಿಜವಾದ ಕಾವನ್ನು ಎರಡೇ ದಿನದಲ್ಲಿ ಬಿಡಿಸುವ ಉಪಾಯ ನನ್ನ ಹತ್ತಿರ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದರೆ ತೋರಿಸುತ್ತೇನೆ.

ಔಷಧಿ ಅಂಗಡಿಗೆ ಹೋಗುವ ಮೊದಲೇ ಮಾಡಬೇಕಿದ್ದ ಕೆಲಸ ಬೆರಳಿನ ಪರೀಕ್ಷೆ. ಹತ್ತನೇ ದಿನ ರಾತ್ರಿ, ಕೋಳಿಗಳು ಗಳದ ಮೇಲೆ ಕೂತ ಮೇಲೆ, ಒಂದೊಂದನ್ನೇ ಎತ್ತಿ ನೋಡಿದೆ. ಬಾಲದ ಕೆಳಗೆ ಎರಡು ಚೂಪು ಮೂಳೆ ಕೈಗೆ ಸಿಗುತ್ತವಲ್ಲ, ಅವುಗಳ ನಡುವೆ ಎಷ್ಟು ಬೆರಳು ಹಿಡಿಯುತ್ತದೆ ಅನ್ನುವುದೇ ಲೆಕ್ಕ. ಒಂದು ಬೆರಳಾದರೆ ಮೊಟ್ಟೆ ನಿಂತಿದೆ. ಎರಡು, ಎರಡೂವರೆ, ಮೂರು ಬೆರಳಾದರೆ ಇಡುತ್ತಿದೆ. ಮೊಟ್ಟೆ ಬರುವ ಜಾಗ ಒಣಗಿ ಮುದುಡಿದ್ದರೆ ನಿಂತಿದೆ, ಅಗಲವಾಗಿ ಒದ್ದೆಯಾಗಿದ್ದರೆ ಇಡುತ್ತಿದೆ.

ಕೆಂಪಿಗೆ ಧಾರಾಳವಾಗಿ ಮೂರು ಬೆರಳು ಹಿಡಿಯಿತು. ಒದ್ದೆ ಇತ್ತು. ಜುಟ್ಟು ಹಣ್ಣು ಮೆಣಸಿನಕಾಯಿ ಹಾಗೆ ಕೆಂಪು. ಅಂದರೆ ಇವಳು ಮೊಟ್ಟೆ ನಿಲ್ಲಿಸಿಯೇ ಇಲ್ಲ! ಭಾವನಿಗೆ ಹೇಳಿದರೆ, "ಹಾಗಾದರೆ ನಿನ್ನ ಕೋಳಿ ಗಾಳಿಯಲ್ಲಿ ಇಡ್ತಾ ಇದೆಯಾ?" ಅಂತ ನಕ್ಕರು.

ಗಾಳಿಯಲ್ಲಿ ಅಲ್ಲ ಅಂದರೆ ಎಲ್ಲಿ? ಕಳ್ಳಗೂಡು ಇರಬೇಕು ಅಂತ ಹಿತ್ತಲೆಲ್ಲ ಹುಡುಕಿದೆ. ಹುಲ್ಲಿನ ಮೆದೆಯ ಹಿಂದೆ ಹನ್ನೊಂದು ಮೊಟ್ಟೆ ಸಿಕ್ಕವು. ಖುಷಿಯಿಂದ ಕುಣಿದೆ. ಆದರೆ ಎಲ್ಲ ಬಿಳಿ, ಸಣ್ಣವು, ಕರಿ ನಾಟಿಯ ಕೆಲಸ. ನೀರಿಗೆ ಹಾಕಿದರೆ ಆರು ತೇಲಿದವು. ಕೆಂಪಿಯದು ಕಂದು ಮೊಟ್ಟೆ, ಅದರಲ್ಲಿ ಒಂದೂ ಇರಲಿಲ್ಲ. ಜೊತೆಗೆ ಕೆಂಪಿ ಮೆದೆ ಹತ್ತಿರ ಹೋಗುವ ಹಾಗೂ ಇರಲಿಲ್ಲ. ಶ್ರಾವಣದಲ್ಲಿ ಪಕ್ಕದ ಮನೆಯವರ ಕೊತ್ತಂಬರಿ ಮಡಿ ಕೆದರಿ ಜಗಳ ತಂದಿಟ್ಟಿದ್ದಳು. ಆಗಿನಿಂದ ಮೂರು ಸ್ವರ್ಣಧಾರಗಳಿಗೂ ಬಲೆ ಕಟ್ಟಿ ಒಳಗೇ ಸಾಕುತ್ತಿದ್ದೆ. ಈ ಜಗಳಕ್ಕೂ ಮೊಟ್ಟೆಗೂ ಸಂಬಂಧ ಇದೆ ಅಂತ ಆಗ ಹೊಳೆಯಲಿಲ್ಲ.

ಹಾವು ಅಂದುಕೊಂಡೆವು. ಕೇರೆ ಹಾವು ಬಂದರೆ ಒಬ್ಬಳ ಮೊಟ್ಟೆ ಮಾತ್ರ ಯಾಕೆ ತಿನ್ನುತ್ತದೆ? ಮುಂಗುಸಿಗೂ ಅದೇ ಪ್ರಶ್ನೆ.

ಆಗ ಬಂದದ್ದು ಕೇಸರಿಬಾತ್ ಬಣ್ಣದ ಯೋಚನೆ. ಅಡುಗೆಮನೆಯಲ್ಲಿದ್ದ ಬಣ್ಣದ ಪುಡಿಯನ್ನು ಎರಡು ಚಮಚ ಹರಳೆಣ್ಣೆಗೆ ಕಲಸಿ, ಸಂಜೆ ಕೆಂಪಿಯ ಮೊಟ್ಟೆ ಬರುವ ಜಾಗಕ್ಕೆ ಚೆನ್ನಾಗಿ ಬಳಿದೆ. ಯಾವ ಮೊಟ್ಟೆ ಬಂದರೂ ಅದರ ಮೇಲೆ ಗೆರೆ ಬೀಳಲೇಬೇಕು. ತೆಂಗಿನೆಣ್ಣೆಯಲ್ಲಿ ಮೊದಲು ಮಾಡಿದ್ದೆ, ಅದು ನಿಲ್ಲುವುದಿಲ್ಲ. ಹರಳೆಣ್ಣೆ ಅಂಟು. ಮನೆಯವಳು ಬಾಗಿಲಲ್ಲಿ ನಿಂತು, "ಕೋಳಿಗೆ ಓಕುಳಿ ಆಡಿಸ್ತಾ ಇದ್ದೀರಾ?" ಅಂದಳು. ಎರಡು ದಿನ ಬುಟ್ಟಿಯಲ್ಲಿ ಏನೂ ಇಲ್ಲ.

ಮೂರನೇ ರಾತ್ರಿ ಗಳದ ಕೆಳಗೆ ಗೊಬ್ಬರದ ಚೀಲ ಬಿಚ್ಚಿ, ಬಿಳಿ ಭಾಗ ಮೇಲೆ ಮಾಡಿ ಹಾಸಿದೆ. ಬೆಳಗ್ಗೆ ಐದಕ್ಕೆ, ಕೋಳಿಗಳು ಇಳಿಯುವ ಮೊದಲೇ, ಟಾರ್ಚ್ ಹಿಡಿದು ಹೋದೆ. ಕೆಂಪಿ ಕೂತಿದ್ದ ಮೂಲೆಯ ನೇರ ಕೆಳಗೆ ಒಡೆದ ಹಳದಿ, ಲೋಳೆ, ಒದ್ದೆ ಕಾಗದದಂಥ ಒಂದು ಪೊರೆ. ಪೊರೆಯ ಮೇಲೆ ಕೇಸರಿ ಗೆರೆ.

ಚಿಪ್ಪಿಲ್ಲದ ಮೊಟ್ಟೆ. ರಾತ್ರಿ ಗಳದ ಮೇಲೆ ಕೂತಲ್ಲೇ ಹಾಕುತ್ತಿದ್ದಳು, ಬಿದ್ದು ಒಡೆಯುತ್ತಿತ್ತು. ಬೆಳಕು ಹರಿಯುತ್ತಲೇ ಉಳಿದವು ಇಳಿದು ಗುರುತೇ ಇಲ್ಲದ ಹಾಗೆ ನೆಕ್ಕಿ ಮುಗಿಸುತ್ತಿದ್ದವು. ನಾನು ಏಳಕ್ಕೆ ಗೂಡು ತೆಗೆಯುವ ಹೊತ್ತಿಗೆ ಏನೂ ಇಲ್ಲ. ಹತ್ತಿರ ಹತ್ತಿರ ಎರಡು ವಾರ ನಡೆದಿದೆ ಈ ನಾಟಕ.

ಆ ಹೊತ್ತಲ್ಲೇ ಭಾವನಿಗೆ ಫೋಟೋ ಕಳಿಸಿದೆ. ಉತ್ತರ ಬರಲಿಲ್ಲ.

ಈಗ ದುಡ್ಡಿನ ವಿಷಯ. ತಪ್ಪು ಶುರುವಾಗಿದ್ದೇ ಅಲ್ಲಿ. ಲೇಯರ್ ಫೀಡ್, ಅಂದರೆ ಮೊಟ್ಟೆ ಕೋಳಿಗಳ ಸಿದ್ಧ ಮೇವು, 50 ಕೆ.ಜಿ. ಮೂಟೆ 1,900ರ ಹತ್ತಿರ ಹೋಗಿತ್ತು. ಆಷಾಢದಲ್ಲಿ ಅದನ್ನು ನಿಲ್ಲಿಸಿ ಮನೆಯ ರಾಗಿ, ಅಕ್ಕಿ ನುಚ್ಚು, ತೌಡು ಕಲಸಿ ಹಾಕತೊಡಗಿದೆ. ತಿಂಗಳಿಗೆ ಆರುನೂರು ಏಳುನೂರು ಉಳಿಯುತ್ತದೆ ಅಂತ ಬೀಗಿದ್ದೆ. ಮೊಟ್ಟೆ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಗತಿ ಏನು ಅಂತ ಯಾರೋ ಕೇಳಿದ್ದರು. "ರಾಗಿ ಹಾಕ್ತಾ ಇದ್ದೀನಲ್ಲ, ರಾಗಿಗಿಂತ ಕ್ಯಾಲ್ಸಿಯಂ ಬೇಕಾ?" ಅಂದಿದ್ದೆ.

ಆ ಬೆಳಗ್ಗೆ ಕಾಫಿ ಕುಡಿಯುತ್ತಾ ಲೆಕ್ಕ ಹಾಕಿದೆ. ನೂರು ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 340 ಮಿಲಿಗ್ರಾಂ. ಮನುಷ್ಯರಿಗೆ ಅದು ಭಾರಿ. ಆದರೆ ಒಂದು ಮೊಟ್ಟೆಯ ಚಿಪ್ಪಿಗೇ ಎರಡು ಗ್ರಾಂ ಮೇಲೆ ಬೇಕು. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ ಮೇವಿನಲ್ಲಿ ಅದರ ಹತ್ತಿರ ಹತ್ತಿರ ಎರಡರಷ್ಟು ಇರಬೇಕು. ಕೋಳಿ ದಿನಕ್ಕೆ ತಿನ್ನುವುದೇ ನೂರು, ನೂರಿಪ್ಪತ್ತು ಗ್ರಾಂ. ಬರೀ ರಾಗಿ ತಿಂದು ಚಿಪ್ಪು ಕಟ್ಟಬೇಕೆಂದರೆ ಕೆಂಪಿ ದಿನಕ್ಕೆ ಒಂದು ಕಿಲೋ ತಿನ್ನಬೇಕಿತ್ತು.

ನಾಟಿಗಳಿಗೆ ಏನೂ ಆಗಲಿಲ್ಲ, ಯಾಕೆಂದರೆ ಅವು ಹೊರಗೆ ಬಸವನಹುಳು, ಸುಣ್ಣದ ಹರಳು, ಹುಳಹುಪ್ಪಟೆ ತಿಂದುಕೊಳ್ಳುತ್ತವೆ. ಇಡುವುದೂ ಕಡಿಮೆ. ಕೊತ್ತಂಬರಿ ಜಗಳದಿಂದ ಬಲೆಯೊಳಗೆ ಸೇರಿದ್ದು ಸ್ವರ್ಣಧಾರಗಳು. ಅದರಲ್ಲೂ ಜಾಸ್ತಿ ಇಡುವವಳು ಕೆಂಪಿ, ಮೊದಲು ಖಾಲಿಯಾದವಳೂ ಅವಳೇ. ಇನ್ನೆರಡರ ಮೊಟ್ಟೆ ಕೈಯಲ್ಲಿ ಹಿಡಿದರೆ ಚಟ್ ಅನ್ನುತ್ತಿದ್ದದ್ದು ಒಂದು ತಿಂಗಳಿಂದ ಗೊತ್ತಿತ್ತು. ಮನೆಯವಳು ಎರಡು ಸಲ ಹೇಳಿದ್ದಳು. ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ.

ಮದ್ದು ಮಾಡುವಾಗಲೂ ಒಂದು ಎಡವಟ್ಟು ಆಯಿತು. ಎಲೆಅಡಿಕೆಯ ಸುಣ್ಣವನ್ನು ನೀರಿಗೆ ಕದಡಿ ಇಟ್ಟೆ. ವಾಸನೆಗೋ ಖಾರಕ್ಕೋ, ಕೋಳಿಗಳು ನೀರೇ ಮುಟ್ಟಲಿಲ್ಲ. ಒಂದು ದಿನ ನೀರು ತಪ್ಪಿದರೂ ಕೋಳಿ ಮೊಟ್ಟೆ ಇಡುವುದು ಎಷ್ಟೋ ದಿನ ಕಡಿಮೆಯಾಗುತ್ತದೆ. ಸಂಜೆಯೇ ಚೆಲ್ಲಿದೆ. ಆಮೇಲೆ ಫೀಡ್ ಅಂಗಡಿಯಿಂದ ಕಪ್ಪೆಚಿಪ್ಪಿನ ಚೂರು ತಂದೆ. ಶೆಲ್ ಗ್ರಿಟ್ ಅಂತಲೇ ಕೇಳಬೇಕು. ಆಗ ಕಿಲೋಗೆ ಇಪ್ಪತ್ತು ಇಪ್ಪತ್ತೈದು ಇದ್ದಿರಬೇಕು, ಹತ್ತು ಕಿಲೋಗೆ ಕಡಿಮೆ ಕೊಡಲಿಲ್ಲ. ಪುಡಿ ಬೇಡ. ಜೋಳದ ಕಾಳಿನ ಗಾತ್ರ ಇರಲಿ, ಹೊಟ್ಟೆಯಲ್ಲಿ ನಿಂತು ನಿಧಾನವಾಗಿ ಕರಗುತ್ತದೆ. ಹಾಕುವ ಹೊತ್ತು ಸಂಜೆ ನಾಲ್ಕೂವರೆ ಮೇಲೆ. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ. ಬೆಳಗ್ಗೆ ಹಾಕಿ ಬಂದದ್ದಕ್ಕಿಂತ ಸಂಜೆ ಹಾಕಿದಾಗ ವ್ಯತ್ಯಾಸ ಬೇಗ ಕಂಡಿತು. ಬೇರೆ ಬಟ್ಟಲಲ್ಲಿಡಿ, ಮೇವಿಗೆ ಕಲಸಬೇಡಿ, ಬೇಕಾದವಳು ಬೇಕಾದಷ್ಟು ತಿಂದುಕೊಳ್ಳುತ್ತಾಳೆ. ಮೊದಲೆರಡು ದಿನ ಇವು ಮೂಸಿಯೂ ನೋಡಲಿಲ್ಲ. ಚಿಪ್ಪಿನ ಮೇಲೆ ಒಂದು ವಸ್ತು ಚಿಮುಕಿಸಿದೆ, ಮುಗಿಬಿದ್ದು ತಿಂದವು. ಅದೇನು ಅಂತ ಅಂಗಡಿಯವನೂ ಕೇಳಿದ, ಅವನಿಗೂ ಹೇಳಿಲ್ಲ.

ಮೇವಿಗೆ ಅರ್ಧ ಲೇಯರ್ ಫೀಡ್ ವಾಪಸ್ ತಂದೆ. ಉಳಿತಾಯ ಈಗ ತಿಂಗಳಿಗೆ ಮುನ್ನೂರಕ್ಕೆ ಇಳಿದಿದೆ.

ಬಳಸಿದ ಮೊಟ್ಟೆ ಚಿಪ್ಪನ್ನೂ ಹಾಕಬಹುದು, ಆದರೆ ಬಾಣಲೆಯಲ್ಲಿ ಹುರಿದು, ಮೊಟ್ಟೆ ಅನ್ನುವ ಗುರುತು ಸಿಗದ ಹಾಗೆ ಪುಡಿ ಮಾಡಿ. ಹಿಂದೊಮ್ಮೆ ಇಡೀ ಚಿಪ್ಪು ಎಸೆದು ಒಂದು ಹೇಂಟೆಗೆ ಮೊಟ್ಟೆ ಕುಕ್ಕಿ ತಿನ್ನುವ ಚಟ ಹತ್ತಿಸಿದ್ದೆ. ಆ ಚಟ ಬಿಡಲೇ ಇಲ್ಲ. ಅದು ಸಾರಾಯಿತು.

ಬೆಳಕು ಜಾಸ್ತಿಯಾದರೆ ಮೊಟ್ಟೆ ಜಾಸ್ತಿ ಅಂತ ಗೂಡಿಗೆ ಬಲ್ಬ್ ಹಾಕುವುದರ ಬಗ್ಗೆ ಕೇಳುವವರು ಇದ್ದೇ ಇರುತ್ತೀರಿ. ಹೋದ ಚಳಿಗಾಲ ಮಾಡಿ ನೋಡಿದೆ. ವಿದೇಶದವರ ವಿಡಿಯೋ ನೋಡಿ, ದಿನಕ್ಕೆ ಹದಿನಾರು ಗಂಟೆ ಬೆಳಕು ಕೊಡುತ್ತೇನೆ ಅಂತ ಗೂಡಿಗೆ ಎಲ್‌ಇಡಿ ಹಾಕಿದೆ. ಅವರ ಕಡೆ ಚಳಿಗಾಲದಲ್ಲಿ ಹಗಲು ಎಂಟು ಗಂಟೆಗೂ ಇಳಿಯುತ್ತದೆ. ನಮ್ಮಲ್ಲಿ ಡಿಸೆಂಬರ್‌ನಲ್ಲೂ ಹನ್ನೊಂದೂಕಾಲು ಗಂಟೆ ಮೇಲೆ ಹಗಲಿರುತ್ತದೆ, ಜೂನ್‌ಗೂ ಡಿಸೆಂಬರ್‌ಗೂ ಒಂದೂವರೆ ಗಂಟೆ ವ್ಯತ್ಯಾಸ ಅಷ್ಟೇ. ಮೊದಲ ತಿಂಗಳು ನಾಲ್ಕೈದು ಮೊಟ್ಟೆ ಜಾಸ್ತಿ ಬಂದಿರಬಹುದು. ಆಮೇಲೆ ಮೂರು ದಿನ ಕರೆಂಟ್ ಹೋಯಿತು. ಬೆಳಕು ಒಮ್ಮೆಗೇ ತಪ್ಪಿದ್ದೇ ನೆಪ, ಎರಡು ಹೇಂಟೆ ಗರಿ ಉದುರಿಸತೊಡಗಿದವು, ಎರಡೂವರೆ ತಿಂಗಳು ಮೊಟ್ಟೆ ಬಂದ್. ಬಲ್ಬ್ ಈಗ ದನದ ಕೊಟ್ಟಿಗೆಯಲ್ಲಿದೆ.

ಕೆಂಪಿಯ ಕಡೆಗೆ ಬರೋಣ. ಕಪ್ಪೆಚಿಪ್ಪು ಹಾಕತೊಡಗಿದ ಐದನೇ ದಿನ ಗೊಬ್ಬರದ ಚೀಲದ ಮೇಲೆ ಒಡೆಯದ ಮೊಟ್ಟೆ ಬಿದ್ದಿತ್ತು. ಬಲೂನಿನ ಹಾಗೆ ಮೆತ್ತಗೆ. ಎಂಟನೇ ದಿನ ಬುಟ್ಟಿಯಲ್ಲೇ ಒಂದು, ತೆಳು ಚಿಪ್ಪು, ತಲೆಯ ಕಡೆ ಮರಳು ಮರಳು. ಅಮಾವಾಸ್ಯೆಗೆ ಇನ್ನೊಂದು ದಿನ ಇದೆ ಅನ್ನುವಾಗ ಗಟ್ಟಿ ಕಂದು ಮೊಟ್ಟೆ ಇಟ್ಟಳು, ಮೇಲೆ ತಿಳಿಯಾಗಿ ಕೇಸರಿ ಗೆರೆ. ಅಂಗೈಯಲ್ಲಿ ಹಿಡಿದು ಅವ್ವನ ಮುಂದೆ ನಿಂತೆ. ತಿರುಗಿಸಿ ನೋಡಿದಳು. "ಬಣ್ಣ ಯಾಕೆ ಹೀಗಿದೆ? ಇದನ್ನ ತಿನ್ನಬಹುದಾ?" ಅಂದಳು, ಅಷ್ಟೇ.

ಎಡೆಗೆ ಅಂಗಡಿಯಿಂದ ಕೋಳಿ ತಂದೆವು, ಎರಡು ಕಿಲೋ. ಭಾವ ಬಂದು ಉಂಡು ಹೋದರು. ಹೋಗುವಾಗ ಅವರ ಮನೆಯ ಗಿರಿರಾಜ ತಳಿಯ ಹೇಂಟೆಯೊಂದು ಮೊಟ್ಟೆ ನಿಲ್ಲಿಸಿದೆ, ಬಂದು ಬೆರಳಿಟ್ಟು ನೋಡು ಅಂದರು.

ಆ ಹತ್ತನೇ ದಿನ ರಾತ್ರಿ ಒಂಬತ್ತು ಹೇಂಟೆಗಳನ್ನೂ ಎತ್ತಿ ನೋಡಿದೆ ಅಂದೆನಲ್ಲ, ಅದರಲ್ಲಿ ಅವ್ವನ ಮುದ್ದಿನ ಬೂದು ಹೇಂಟೆಯೂ ಇತ್ತು. ಐದು ವರ್ಷದ್ದು. ಒಂದು ಬೆರಳು ಕೂಡ ಸರಿಯಾಗಿ ಹಿಡಿಯಲಿಲ್ಲ, ಒಣಗಿದೆ. ಅವ್ವನಿಗೆ ಇನ್ನೂ ಹೇಳಿಲ್ಲ.